ಮಕ್ಕಳು ವೈತಂಗಿ ಒಪ್ಪಂದ ಓದುವಾಗ: ನ್ಯೂಜಿಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೇ ಫೆಬ್ರವರಿ 6ರ ರಜೆ ಬರುತ್ತದೆ, ಮಕ್ಕಳು ‘ತೆ ತಿರಿತಿ’, ಅಂದರೆ ‘ಒಪ್ಪಂದ’, ಅನ್ನುತ್ತ ಮನೆಗೆ ಬರುತ್ತಾರೆ. 1840ರ ಅದೇ ದಿನ ವೈತಂಗಿಯಲ್ಲಿ ಬ್ರಿಟನ್ ರಾಣಿಯ ಪ್ರತಿನಿಧಿ ಹಾಬ್ಸನ್ ಮತ್ತು ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮುಖಂಡರು ಸಹಿ ಹಾಕಿದ ಒಪ್ಪಂದ ಅದು. ಆಗ ನಮ್ಮ ಮನೆಗಳಲ್ಲಿ ಆಗುವ ದೊಡ್ಡ ತಪ್ಪೆಂದರೆ ‘ಅದು ಬಿಳಿಯರ ಮತ್ತು ಮಾವೊರಿ ಜನರ ವಿಷಯ, ನೀನು ಗಣಿತ ಮಾಡು’ ಅನ್ನುವುದು. ಇನ್ನೊಂದು, 1840, ಹಾಬ್ಸನ್, ಸಹಿ ಹಾಕಿದ ಮುಖಂಡ ಹೋನೆ ಹೆಕೆ ಎಂದು ಬಾಯಿಪಾಠ ಮಾಡಿಸುವುದು. ಇಲ್ಲಿನ ಮೇಷ್ಟ್ರುಗಳು ಕೇಳುವುದು ಇಸವಿಯನ್ನಲ್ಲ. ಎರಡು ಭಾಷೆಯ ಎರಡು ಪಠ್ಯ ಒಂದೇ ಮಾತು ಹೇಳುತ್ತವೆಯೇ ಎಂದು ಕೇಳುತ್ತಾರೆ.

ಹೇಳುವುದಿಲ್ಲ. ಹಾಬ್ಸನ್‌ನ ಇಂಗ್ಲಿಷ್ ಕರಡನ್ನು ಪಾದ್ರಿ ಹೆನ್ರಿ ವಿಲಿಯಮ್ಸ್ ಮತ್ತು ಅವರ ಮಗ ಎಡ್ವರ್ಡ್ ಫೆಬ್ರವರಿ 4ರ ರಾತ್ರಿ ಕೂತು ಮಾವೊರಿಗೆ ತಂದರು. ಮೊದಲ ಕಲಮಿನ ಇಂಗ್ಲಿಷಿನಲ್ಲಿ ಸಾರ್ವಭೌಮತ್ವವೇ ರಾಣಿಗೆ ಹೋಗುತ್ತದೆ. ಮಾವೊರಿಯಲ್ಲಿ ಇರುವುದು ‘ಕಾವನತಂಗ’, ಗವರ್ನರ್ ನಡೆಸುವ ಆಡಳಿತ. ಎರಡನೆಯ ಕಲಮಿನಲ್ಲಿ ‘ತಿನೊ ರಂಗತಿರತಂಗ’, ಅಂದರೆ ನೆಲ, ಊರು, ಅಮೂಲ್ಯವಾದದ್ದೆಲ್ಲದರ ಪೂರ್ಣ ಒಡೆತನ, ಮುಖಂಡರ ಬಳಿಯೇ ಉಳಿಯುತ್ತದೆ. ಒಂದು ಹಾಳೆಗೆ ನಡುವೆ ಗೆರೆ ಎಳೆದು, ಒಂದು ಕಡೆ ‘ಆಡಳಿತ’, ಇನ್ನೊಂದು ಕಡೆ ‘ಒಡೆತನ’ ಎಂದು ಬರೆಸಿ. ಮಗುವಿಗೆ ಜಗಳದ ಬೇರು ಕಾಣುತ್ತದೆ. ಒಟ್ಟು 9 ಹಾಳೆಗಳಲ್ಲಿ ಬಿದ್ದ ಸುಮಾರು 540 ಸಹಿಗಳಲ್ಲಿ ಇಂಗ್ಲಿಷ್ ಹಾಳೆಯ ಮೇಲಿದ್ದದ್ದು 39 ಮಾತ್ರ ಎಂಬುದನ್ನೂ ಹೇಳಿ.

ಮೈಸೂರಿನ ನೆನಪು ಇಲ್ಲಿ ಕೆಲಸಕ್ಕೆ ಬರುತ್ತದೆ. 1799ರಲ್ಲಿ ಒಪ್ಪಂದ, 1831ರಲ್ಲಿ ಒಡೆಯರ ಕೈಯಿಂದ ಆಡಳಿತ ಬ್ರಿಟಿಷರಿಗೆ. ಅದಾಗಿ ಒಂಬತ್ತೇ ವರ್ಷಕ್ಕೆ ವೈತಂಗಿ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಒಡೆಯರಿಗೆ 1881ರಲ್ಲಿ ರಾಜ್ಯ ಮರಳಿತು. ಇಲ್ಲಿ, 1863ರಲ್ಲಿ ಸರ್ಕಾರ ಮಾವೊರಿಗಳ ಮೇಲೆ ಹೂಡಿದ ಯುದ್ಧದ ನಂತರ ವೈಕಾತೊ ಸೀಮೆಯಲ್ಲಿ ಮುಟ್ಟುಗೋಲಾದ ಮಾವೊರಿ ನೆಲದ ಬಹುಪಾಲು ಮರಳಲಿಲ್ಲ. ಒಪ್ಪಂದ ಮುರಿದ ದೂರುಗಳನ್ನು ವಿಚಾರಿಸಲು 1975ರಲ್ಲಿ ಹುಟ್ಟಿದ ವೈತಂಗಿ ಟ್ರಿಬ್ಯುನಲ್‌ಗೆ 1840ರಷ್ಟು ಹಳೆಯ ದೂರು ಕೇಳುವ ಅಧಿಕಾರ ಬಂದದ್ದೇ 1985ರಲ್ಲಿ.

ಉಚ್ಚಾರಣೆಯಲ್ಲಿ ನಮಗೆ ಅನುಕೂಲವಿದೆ. ಮಾವೊರಿಯಲ್ಲೂ ಹ್ರಸ್ವ-ದೀರ್ಘ ಅರ್ಥ ಬದಲಿಸುತ್ತದೆ, ನಮ್ಮ ಮಕ್ಕಳ ಕಿವಿಗೆ ಅದು ಹೊಸದಲ್ಲ. ‘ವೈಟಾಂಗಿ’ ಅನ್ನಬೇಡಿ. ‘ತ’ ಹಲ್ಲಿಗೆ ತಾಗಲಿ, ‘ಂಗ’ದಲ್ಲಿ ಗಕಾರ ಕೇಳಬಾರದು, ವರ್ಣಮಾಲೆಯಲ್ಲಿ ನಾವು ಮರೆತೇಬಿಟ್ಟ ‘ಙ’ ಅದು.

ಮರಯೆಗೆ, ಅಂದರೆ ಮಾವೊರಿ ಜನರ ಸಭಾಸ್ಥಳಕ್ಕೆ, ಪ್ರವಾಸ ಇದ್ದರೆ ಒಪ್ಪಿಗೆ ಚೀಟಿಯಲ್ಲಿ ‘ಸಸ್ಯಾಹಾರಿ’ ಎಂದು ಬರೆದು ಕಳಿಸಿ. ನೆಲದೊಳಗೆ ಅಡುಗೆ ಬೇಯಿಸುವ ಹಾಂಗಿ ಕುಣಿಯಲ್ಲಿ ಗೆಣಸೂ ಮಾಂಸವೂ ಒಟ್ಟಿಗೇ ಬೇಯುವುದುಂಟು. ಚಪ್ಪಲಿ ಹೊರಗೆ ಬಿಡಬೇಕು, ತಲೆದಿಂಬಿನ ಮೇಲೆ ಕೂರಬಾರದು, ಊಟದ ಮೇಜಿನ ಮೇಲಂತೂ ಕೂಡದು, ಪಾತ್ರೆ ಒರೆಸುವ ಬಟ್ಟೆಯನ್ನು ಮೈಬಟ್ಟೆ ಜೊತೆ ಒಗೆಯಬಾರದು. ಮಡಿ-ಮುಸುರೆ ಕಂಡ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಇದರಲ್ಲಿ ಎಲ್ಲಿ ನಿಲ್ಲುತ್ತೇವೆ ಎಂದು ಮಗು ಕೇಳಿಯೇ ಕೇಳುತ್ತದೆ. ನಮಗೆ ವೀಸಾ ಕೊಟ್ಟದ್ದು ಸರ್ಕಾರ, ಆ ಸರ್ಕಾರಕ್ಕೆ ಇಲ್ಲಿ ಜಾಗ ಕೊಟ್ಟದ್ದು ಈ ಒಪ್ಪಂದ. ಅದಕ್ಕೇ ನಮ್ಮಂಥವರನ್ನು ‘ತಂಗತ ತಿರಿತಿ’, ಒಪ್ಪಂದದ ಜನ, ಅನ್ನುತ್ತಾರೆ. ಶಾಲೆಯಲ್ಲಿ ಮಾವೊರಿ ಆಡಿದ್ದಕ್ಕೆ ಏಟು ತಿಂದ ತಲೆಮಾರು ಇಲ್ಲಿದೆ. ಆ ಭಾಷೆಯನ್ನು ಉಳಿಸಲು 1982ರಲ್ಲಿ ಹಿರಿಯರು ‘ಕೋಹಂಗ ರೆಯೊ’, ಭಾಷೆಯ ಗೂಡು, ಕಟ್ಟಿ ಹಸುಗೂಸುಗಳ ಜೊತೆ ಮಾವೊರಿಯಲ್ಲೇ ಮಾತಾಡಿದರು. ನಮ್ಮ ಮಕ್ಕಳಿಗೆ ಕನ್ನಡಕ್ಕಾಗಿ ಯಾರೂ ಹೊಡೆಯಲಿಲ್ಲ, ಆದರೂ ಅವರು ಇಂಗ್ಲಿಷಿನಲ್ಲೇ ಉತ್ತರಿಸುತ್ತಾರೆ. ಇದು ನೋಯುವ ಮಾತು.

ಕೊನೆಗೆ ಪೆಪೆಹ, ಬೆಟ್ಟ-ಹೊಳೆ ಹೇಳಿಕೊಂಡು ತನ್ನ ಪರಿಚಯ ಮಾಡಿಕೊಳ್ಳುವ ಪಾಠ. ಊರ ಹತ್ತಿರದ ಬೆಟ್ಟವನ್ನು ‘ನನ್ನದು’ ಎಂದು ಬರೆಸಬೇಡಿ, ಅದು ಅಲ್ಲಿನ ಇವಿ, ಅಂದರೆ ಬುಡಕಟ್ಟಿನ, ಜನರದು. ‘ನೋ ಈನಿಯ ಓಕು ತೀಪುನ’, ನನ್ನ ಹಿರಿಯರು ಭಾರತದವರು, ಎಂದು ಶುರುಮಾಡಲಿ. ಯಾವ ಹೊಳೆ, ಯಾವ ಗುಡ್ಡ ಎಂದು ಗೊತ್ತಾಗದಿದ್ದರೆ ಅಜ್ಜಿಗೆ ಫೋನ್ ಮಾಡಿಸಿ, ಮಗುವೇ ಕೇಳಲಿ, ಕನ್ನಡದಲ್ಲಿ.