ಮಗುವಿನ ಕಾಲು ಏಕಾಏಕಿ ಸೋತಾಗ ಮಾಡಬೇಕಾದದ್ದೇನು?

ಎರಡು ಮೂರು ದಿನ ಜ್ವರದಿಂದ ಮಲಗಿದ್ದ ಮಗು ಬೆಳಿಗ್ಗೆ ಎದ್ದು ನಿಲ್ಲಲಾರದೆ ಕುಸಿದರೆ, ಅದು ಜ್ವರದ ನಿಶ್ಶಕ್ತಿಯೆಂದು ಸುಮ್ಮನಿರದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಪೋಲಿಯೊ ಮತ್ತು ಅದರ ಬಳಗದ ಕೆಲವು ಎಂಟೆರೊವೈರಸ್‌ಗಳು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೆಡಿಸುವುದರಿಂದ ಕಾಲು ಬಿಗಿಯಾಗದೆ ಜೋತುಬೀಳುತ್ತದೆ.

ಹೊರಡುವ ಮುನ್ನ ಮಗುವನ್ನು ಅಂಗಾತ ಮಲಗಿಸಿ ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡಿ. ಪೋಲಿಯೊ ಇದ್ದರೆ ಮಗುವಿಗೆ ಸ್ಪರ್ಶ ತಿಳಿಯುತ್ತದೆ, ಮುಖ ಕಿವುಚುತ್ತದೆ, ಆದರೆ ಕಾಲನ್ನು ಎಳೆದುಕೊಳ್ಳಲಾಗುವುದಿಲ್ಲ. ಸಾಮಾನ್ಯವಾಗಿ ಒಂದು ಕಾಲು ಇನ್ನೊಂದಕ್ಕಿಂತ ಹೆಚ್ಚು ಸೋತಿರುತ್ತದೆ. ಸ್ಪರ್ಶವೇ ತಿಳಿಯದೆ ಮೂತ್ರವೂ ಕಟ್ಟಿದ್ದರೆ ಕಾರಣ ಬೇರೆ ಇರಬಹುದು. ಕಾರಣ ನಿರ್ಧರಿಸುವುದು ವೈದ್ಯರ ಕೆಲಸ. ಕಂಡದ್ದನ್ನೂ ಸೋಲು ಶುರುವಾದ ದಿನಾಂಕವನ್ನೂ ಬರೆದಿಟ್ಟುಕೊಂಡರೆ ಸಾಕು. ಉಸಿರಾಟಕ್ಕೆ ಅಥವಾ ನುಂಗುವುದಕ್ಕೆ ಕಷ್ಟವಾದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಎಣ್ಣೆ ಹಚ್ಚಿ ತಿಕ್ಕುವುದು, ನಡೆಸಲು ಒತ್ತಾಯಿಸುವುದು ಬೇಡ. ಅನಗತ್ಯ ಚುಚ್ಚುಮದ್ದಂತೂ ಬೇಡವೇ ಬೇಡ, ಏಕೆಂದರೆ ಪೋಲಿಯೊ ವೈರಸ್ ದೇಹದಲ್ಲಿರುವಾಗ ಸ್ನಾಯುವಿಗೆ ಸೂಜಿ ಹಾಕಿದರೆ ಆ ಕೈಕಾಲಿಗೇ ಲಕ್ವ ಹೊಡೆಯುವ ಸಂಭವ ಹೆಚ್ಚುತ್ತದೆ.

15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ಹೀಗೆ ದಿಢೀರನೆ ಸೋತರೂ, ಹನಿ ಹಾಕಿಸಿದ್ದರೂ, ಆರೋಗ್ಯ ಇಲಾಖೆಗೆ ವರದಿಯಾಗಬೇಕು. ಆಶಾ ಕಾರ್ಯಕರ್ತೆಗೆ ಹೇಳಿದರೂ ಆದೀತು. ಸೋಲು ಆರಂಭವಾದ 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ, ಮಲದ ಎರಡು ಮಾದರಿಗಳನ್ನು ಸಂಗ್ರಹಿಸಿ ತಣ್ಣನೆಯ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಹೆಬ್ಬೆರಳಿನ ತುದಿಯಷ್ಟು ಮಲ ಸಾಕು. ಅನೇಕ ಮನೆಗಳವರು ಸಂಕೋಚಪಡುವುದೂ, ದಿನಗಳು ಕೈಜಾರುವುದೂ ಇಲ್ಲಿಯೇ. ತಡವಾದಷ್ಟೂ ವೈರಸ್ ಸಿಗುವ ಸಾಧ್ಯತೆ ಕುಗ್ಗುತ್ತದೆ. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡ ಪ್ರಕರಣವೇ ಭಾರತದ ಕೊನೆಯ ಕಾಡು ಪೋಲಿಯೊ (ಲಸಿಕೆಯ ವೈರಸ್‌ನಿಂದಲ್ಲದೆ ಸಹಜವಾಗಿ ಹರಡುವ ವೈರಸ್‌ನಿಂದ ಬರುವ ಪೋಲಿಯೊ) ಎಂದು ಖಚಿತವಾಗಿ ಹೇಳಲು ಸಾಧ್ಯವಾದದ್ದು ಇಂಥ ಪರೀಕ್ಷೆಗಳಿಂದಲೇ.

ಜ್ವರ ಇಳಿದು ನೋವು ತಗ್ಗಿದ ಮೇಲೆ ಫಿಸಿಯೊಥೆರಪಿ ಆರಂಭಿಸಬೇಕು. ಅಲ್ಲಿಯವರೆಗೆ ಪಾದ ಕೆಳಕ್ಕೆ ಜೋತುಬೀಳದಂತೆ ಅಂಗಾಲಿಗೆ ಸುತ್ತಿದ ಬಟ್ಟೆಯ ಆಸರೆ ಕೊಡಿ. 60 ದಿನಗಳ ನಂತರ ಸೋಲು ಉಳಿದಿದೆಯೇ ಎಂದು ನೋಡಲು ಆರೋಗ್ಯ ಸಿಬ್ಬಂದಿ ಮತ್ತೆ ಬರಬಹುದು. ಮಗು ಓಡಾಡುತ್ತಿದ್ದರೂ ಅವರಿಗೆ ತೋರಿಸಿ.