ಮರ್ಟಲ್ ಬೀಚಿಗೆ ಗಾಲ್ಫ್ ಆಡಲು ಹೋಗುವವರಿಗೆ

ಅಮೆರಿಕದ ಶಾರ್ಲೆಟ್, ರಾಲೆ ಕಡೆಯಿಂದ ಸೌತ್ ಕ್ಯಾರೊಲೈನಾದ ಮರ್ಟಲ್ ಬೀಚಿಗೆ ಹೋಗುವವರು ಕ್ಯಾಲಿಡೋನಿಯಾ, ಟ್ರೂ ಬ್ಲೂ ಅಂತ ಅದೇ ಎರಡು ಗಾಲ್ಫ್ ಕೋರ್ಸ್‌ಗೆ ಮುಗಿಬೀಳುತ್ತಾರೆ. ಚೆನ್ನಾಗಿವೆ, ಇಲ್ಲ ಅನ್ನಲ್ಲ, ಆದರೆ ದುಡ್ಡೂ ಜಾಸ್ತಿ. ಸ್ವಲ್ಪ ಉತ್ತರಕ್ಕೆ, ಗಡಿ ದಾಟಿ ನಾರ್ತ್ ಕ್ಯಾರೊಲೈನಾದ ಸನ್‌ಸೆಟ್ ಬೀಚ್ ಕಡೆ ಹೋಗಿ. ಅಲ್ಲಿನ ಥಿಸಲ್ ಕೋರ್ಸ್‌ನಲ್ಲಿ 27 ಹೋಲ್‌ಗಳಿವೆ. ಅಲ್ಲೇ ಹತ್ತಿರದ ಶಲೋಟ್ ಊರಿನ ರಿವರ್ಸ್ ಎಡ್ಜ್ ಕೋರ್ಸ್ ಹೆಸರಾಂತ ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ವಿನ್ಯಾಸ, ನದಿಯ ಜೌಗಿನ ಅಂಚಿನಲ್ಲೇ ಆಡಬೇಕು, ಗಾಳಿ ಎದ್ದರೆ ಚೆಂಡು ಸೀದಾ ಹುಲ್ಲಿನೊಳಗೆ, ಹಾಗಾಗಿ ಬ್ಯಾಗಿನಲ್ಲಿ ಹಳೇ ಚೆಂಡುಗಳಿರಲಿ. ಮರ್ಟಲ್ ಬೀಚಿನ ದಕ್ಷಿಣಕ್ಕೆ ಪಾಲೀಸ್ ಐಲೆಂಡಿನ ಹೆರಿಟೇಜ್ ಕ್ಲಬ್ ಹಳೇ ಭತ್ತದ ತೋಟದ ಜಾಗ. ಪಾಚಿ ಜೋತಾಡುವ ಓಕ್ ಮರಗಳ ಸಾಲು ನೋಡೋಕೇ ಹೋಗಬಹುದು, ನನಗಂತೂ ಮೂರರಲ್ಲಿ ಇದೇ ಇಷ್ಟ.

ಮಾರ್ಚ್, ಏಪ್ರಿಲ್‌ನಲ್ಲಿ ರೇಟು ಏರಿರುತ್ತದೆ. ಬೇಸಿಗೆಯಲ್ಲಿ ಇಳಿಯುತ್ತದೆ, ಮಧ್ಯಾಹ್ನದ ಮೇಲೆ ಇನ್ನೂ ಕಮ್ಮಿ. ಸೆಕೆ ಮಾತ್ರ ನಮ್ಮ ಮಂಗಳೂರಿನದ್ದೇ! ಆದರೆ ಗ್ರೀನ್‌ಗೆ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿಗೆ, ಬೇರಿಗೆ ಗಾಳಿ ಆಡಲೆಂದು ತೂತು ಹೊಡೆದು ಮರಳು ತುಂಬುವುದೂ ಆಗಲೇ, ಆ ವಾರ ಪಟ್ ಮಾಡಿದರೆ, ಅಂದರೆ ಚೆಂಡನ್ನು ಮೆಲ್ಲಗೆ ಹೋಲ್ ಕಡೆ ಉರುಳಿಸಿದರೆ, ಅದು ಕುಣಿಯುತ್ತಾ ಹೋಗುತ್ತದೆ. ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಿಬಿಡಿ. ಕೆರೆಗೆ ಬಿದ್ದ ಚೆಂಡು ಬಿಟ್ಟುಬಿಡಿ, ಮೊಸಳೆ ಜಾತಿಯ ಅಲಿಗೇಟರ್‌ಗಳಿರುತ್ತವೆ.