ಯುಫೋನಿಯಂಗೆ ಮೌತ್‌ಪೀಸ್ ಆರಿಸಿದ್ದು: ಮೊದಲು ಶ್ಯಾಂಕ್, ಆಮೇಲೆ ಕಪ್

ನನ್ನ ಯುಫೋನಿಯಂ (ಟ್ಯೂಬಾದಂತೆ ಕಾಣುವ, ಅದಕ್ಕಿಂತ ಚಿಕ್ಕದಾದ ಹಿತ್ತಾಳೆಯ ಊದುವಾದ್ಯ) ಯಮಾಹಾ ವೈಇಪಿ-321, ನಾಲ್ಕು ವಾಲ್ವಿನದು (ಸ್ವರ ಬದಲಿಸಲು ಬೆರಳಲ್ಲಿ ಒತ್ತುವ ಗುಂಡಿಗಳು). ಅದರ ಜೊತೆ ಬರುವ 48ನೇ ನಂಬರಿನ ಮೌತ್‌ಪೀಸ್‌ನಲ್ಲಿ (ತುಟಿಯಿಟ್ಟು ಊದುವ ಬಿಡಿ ಭಾಗ) ನಾದ ಸ್ವಲ್ಪ ತೆಳು, ಟ್ರೊಂಬೋನಿನ ಕಡೆಗೇ ವಾಲುತ್ತದೆ. ದುಂಡಗಿನ, ತುಂಬಿದ ನಾದ ಬೇಕೆಂದು ಬದಲಿಸಲು ಹೊರಟಾಗ ನಾನು ಕಪ್ಪಿನ (ಮೌತ್‌ಪೀಸಿನ ಬಟ್ಟಲಿನಂಥ ಭಾಗ) ಗೊಡವೆಗೆ ಹೋಗದೆ ಮೊದಲು ಶ್ಯಾಂಕ್ (ವಾದ್ಯದೊಳಗೆ ತೂರುವ ಅದರ ಬಾಲ) ಅಳೆದೆ. ಇಲ್ಲಿ ತಪ್ಪಿದರೆ ಮುಂದಿನದ್ದೆಲ್ಲ ದಂಡ.

ಯುಫೋನಿಯಂಗೆ ಮೂರು ಬಗೆಯ ಶ್ಯಾಂಕ್ ಇವೆ. ಸಣ್ಣದು ಟೆನರ್ ಟ್ರೊಂಬೋನಿನದೇ ಅಳತೆ, ತುದಿಯ ಹೊರವ್ಯಾಸ ಸುಮಾರು 11 ಮಿ.ಮೀ. ದೊಡ್ಡದು ಬಾಸ್ ಟ್ರೊಂಬೋನಿನದು, ಸುಮಾರು 12.5. ಇವೆರಡರ ನಡುವೆ ಯುರೋಪಿಯನ್ ಎಂದು ಕರೆಯುವ ಮಧ್ಯಮ ಅಳತೆ. ಹಳೆಯ ಬೂಸಿ ಅಂಡ್ ಹಾಕ್ಸ್, ಬೆಸನ್ ವಾದ್ಯಗಳಲ್ಲಿ ಇದು ಎದುರಾಗುತ್ತದೆ. 321ಕ್ಕೆ ಸಣ್ಣದು, ಯಮಾಹಾ 642, ಬೆಸನ್ 967ಕ್ಕೆ ದೊಡ್ಡದು. ಮೀರತ್‌ನಲ್ಲಿ ತಯಾರಾದ ವಾದ್ಯವಾದರೆ ಯಾವ ಪಟ್ಟಿಯನ್ನೂ ನಂಬದೆ ರಿಸೀವರಿನ (ವಾದ್ಯದಲ್ಲಿ ಶ್ಯಾಂಕ್ ಕೂರುವ ಕೊಳವೆ) ಬಾಯಿಯನ್ನೇ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯುವುದು ಒಳ್ಳೆಯದು.

ಅರ್ಧ ಮಿಲಿಮೀಟರ್ ತಾನೇ ಎನ್ನಬೇಡಿ. ಶ್ಯಾಂಕ್ ತುದಿಯಿಂದ ಮೇಲಕ್ಕೆ ಸರಿಸುಮಾರು 20 ಮಿ.ಮೀ.ಗೆ 1 ಮಿ.ಮೀ.ನಂತೆ ದಪ್ಪವಾಗುತ್ತದೆ. ಹಾಗಾಗಿ ವ್ಯಾಸದಲ್ಲಿ ಅರ್ಧ ಮಿ.ಮೀ. ಹೆಚ್ಚಾದರೆ ಮೌತ್‌ಪೀಸ್ 10 ಮಿ.ಮೀ. ಹೊರಗೇ ನಿಲ್ಲುತ್ತದೆ, ಕೊಳವೆ ಅಷ್ಟು ಉದ್ದವಾಗಿ ಶ್ರುತಿ ಇಳಿಯುತ್ತದೆ, ಸ್ವರಗಳ ನಡುವಿನ ಅಂತರವೂ ಕೆಡುತ್ತದೆ. ಸಣ್ಣದನ್ನು ದೊಡ್ಡ ರಿಸೀವರಿಗೆ ಹಾಕಿದರೆ ಆಳಕ್ಕೆ ಇಳಿದು ಅಲ್ಲಾಡುತ್ತದೆ, ಗಾಳಿ ಸೋರುತ್ತದೆ. ನಾನು ನೋಡಿದ್ದು ಎರಡೇ: 22ರಿಂದ 25 ಮಿ.ಮೀ. ಒಳಗೆ ಹೋಗಬೇಕು, ಬೆರಳಲ್ಲಿ ಅಲ್ಲಾಡಿಸಿದರೆ ಕದಲಬಾರದು. ಸಣ್ಣದನ್ನು ದೊಡ್ಡದಕ್ಕೆ ಕೂರಿಸಲು ಅಡಾಪ್ಟರ್ ಸಿಗುತ್ತದೆ. ದೊಡ್ಡದನ್ನು ಸಣ್ಣದಕ್ಕೆ ಕೂರಿಸಬೇಕೆಂದರೆ ಲೇತಿನಲ್ಲಿ ಕಡೆಯಬೇಕು. ಆಗ ತುದಿ ತೆಳುವಾಗಿ, ಒಮ್ಮೆ ಕೆಳಗೆ ಬಿದ್ದರೆ ಸೊಟ್ಟಗಾಗುತ್ತದೆ.

ಇನ್ನು ನಂಬರುಗಳ ಗೋಜಲು. ಮೌತ್‌ಪೀಸ್ ತಯಾರಕರಲ್ಲಿ ಬಾಕ್ ಮತ್ತು ಡೆನಿಸ್ ವಿಕ್‌ನಲ್ಲಿ ಅಂಕಿ ಚಿಕ್ಕದಾದಷ್ಟೂ ಕಪ್ ಅಗಲ. ಯಮಾಹಾ, ಶಿಲ್ಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಅಗಲ. ಅಕ್ಷರವೂ ತಿರುಗುಮುರುಗು: ಬಾಕ್‌ನಲ್ಲಿ ಎ ಅಂದರೆ ಆಳ, ಶಿಲ್ಕೆಯಲ್ಲಿ ಎ ಅಂದರೆ ತೀರಾ ಆಳವಿಲ್ಲದ ಕಪ್, ಡಿ ಆಳ. ವಿಕ್‌ನ 4ಎಎಲ್‌ನಲ್ಲಿರುವ ಎಲ್ ದೊಡ್ಡ ಶ್ಯಾಂಕಿನ ಗುರುತು. ಬಾಕ್ 6½ಎಎಲ್‌ನಲ್ಲಿರುವ ಎಲ್‌ಗೂ ಶ್ಯಾಂಕಿಗೂ ಸಂಬಂಧವೇ ಇಲ್ಲ, ಅದು ಸಣ್ಣದರಲ್ಲೂ ದೊಡ್ಡದರಲ್ಲೂ ಬರುತ್ತದೆ. ಆನ್‌ಲೈನಿನಲ್ಲಿ ತರಿಸುವಾಗ ‘ಸಣ್ಣ ಶ್ಯಾಂಕ್’ ಎಂದು ಬರೆದಿದೆಯೇ ಎಂದು ನೋಡಿಯೇ ದುಡ್ಡು ಕಟ್ಟಿ.

ನಾನು ಪರೀಕ್ಷಿಸಿದ್ದು ಸಣ್ಣ ಶ್ಯಾಂಕಿನ ಎರಡು: ಬಾಕ್ 6½ಎಎಲ್ (ಕಪ್ಪಿನ ಒಳವ್ಯಾಸ 25.4 ಮಿ.ಮೀ.) ಮತ್ತು ಅದಕ್ಕಿಂತ ತುಸು ಅಗಲದ ಶಿಲ್ಕೆ 51ಡಿ. ಒಂದೊಂದನ್ನೂ ಎರಡು ವಾರ ಊದಿದೆ. ಅಗಲದ್ದು ಮೊದಲ ದಿನ ಯಾವಾಗಲೂ ಮೋಸ ಮಾಡುತ್ತದೆ: ತುಟಿಗೆ ಜಾಗ ಸಿಕ್ಕಿ ಮಂದ್ರ ತುಂಬಿ ಬರುತ್ತದೆ, ದಣಿವು ಗೊತ್ತಾಗುವುದು ಎರಡನೇ ವಾರದಲ್ಲಿ. ಆದ್ದರಿಂದ ಅಭ್ಯಾಸದ ಶುರುವಿನಲ್ಲಲ್ಲ, ನಲವತ್ತು ನಿಮಿಷ ಊದಿದ ಮೇಲೆ ಮಾಡಿದ ಪರೀಕ್ಷೆಯನ್ನೇ ಲೆಕ್ಕಕ್ಕೆ ಹಿಡಿದೆ: ನಡುವಿನ ಬಿ ಫ್ಲಾಟ್ ಅನ್ನು ಅತಿ ಮೆಲ್ಲಗೆ 12 ಸೆಕೆಂಡು ಹಿಡಿಯುವುದು, ನಾಲಿಗೆ ಹಚ್ಚದೆ ಎಫ್‌ನಿಂದ ಮೇಲಿನ ಎಫ್‌ಗೆ ಜಾರುವುದು, ನಾಲ್ಕನೇ ವಾಲ್ವಿನಲ್ಲಿ ಕೆಳಗಿನ ಸಿ ಒಡೆಯದೆ ಬರುತ್ತದೆಯೇ ನೋಡುವುದು.

ಆಮೇಲೆ ಟ್ಯೂನರ್. ವಾಲ್ವ್ ಒತ್ತದೆ ಬಿ ಫ್ಲಾಟ್, ಎಫ್, ಬಿ ಫ್ಲಾಟ್, ಡಿ, ಎಫ್ ಊದಿ ಪ್ರತಿಯೊಂದೂ ಎಷ್ಟು ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು) ಏರುಪೇರು ಎಂದು ಬರೆದಿಟ್ಟೆ. ಟ್ಯೂನರ್ ನೋಡುತ್ತ ಊದಿದರೆ ತುಟಿ ತಾನಾಗಿಯೇ ಸರಿಪಡಿಸಿಬಿಡುತ್ತದೆ. ಕಣ್ಣು ಮುಚ್ಚಿ ಸ್ವರ ನೆಲೆಸಿದ ಮೇಲೆ ಕಣ್ಣು ಬಿಡಬೇಕು. ಯುಫೋನಿಯಂನಲ್ಲಿ ಆರನೇ ಹಾರ್ಮೋನಿಕ್ (ಕೊಳವೆಯ ಮೂಲಸ್ವರದಿಂದ ಎಣಿಸಿದರೆ ಆರನೇ ಸಹಜ ಸ್ವರ) ಆದ ಮೇಲಿನ ಎಫ್‌ನ ಶ್ರುತಿ ಏರುವುದು ವಾದ್ಯದ ಜಾಯಮಾನ, ಮೌತ್‌ಪೀಸ್ ಅದನ್ನು ಅಳಿಸುವುದಿಲ್ಲ. ಹೆಚ್ಚು ಮಾಡುತ್ತದೋ ಕಡಿಮೆ ಮಾಡುತ್ತದೋ ಅಷ್ಟೇ ನೋಡಬೇಕು.

51ಡಿಯ ನಾದವೇ ನನಗೆ ಹೆಚ್ಚು ಹಿಡಿಸಿತು, ನಿಜ. ಆದರೂ ಉಳಿಸಿಕೊಂಡದ್ದು 6½ಎಎಲ್: ದಣಿದ ಮೇಲೂ ಮೇಲಿನ ಬಿ ಫ್ಲಾಟ್ ನಿಲ್ಲುತ್ತದೆ, ನಿಂತು ನಡೆಯುತ್ತ ನುಡಿಸುವಾಗ ಇದೇ ಮುಖ್ಯ. ಎಫ್ ಏರಿದಾಗ ನಾಲ್ಕನೇ ವಾಲ್ವಿನಲ್ಲಿ ಅದೇ ಎಫ್ ಹಿಡಿಯುತ್ತೇನೆ, ಶ್ರುತಿಗೆ ಕೂರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ರಿಮ್ಮಿನ (ತುಟಿ ತಾಗುವ ಅಂಚು) ಮೇಲೆ ಬೆಳ್ಳಿ ಸವೆದು ಹಿತ್ತಾಳೆ ಕಾಣುತ್ತಿದ್ದರೆ ಬೇಡ, ತುಟಿಗೆ ತುರಿಕೆ ಬರುತ್ತದೆ. ಶ್ಯಾಂಕಿನ ತುದಿ ದುಂಡಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಅಂಗೈಯಿಂದ ಬಡಿದು ಕೂರಿಸಬೇಡಿ. ಸಿಕ್ಕಿಕೊಂಡರೆ ಇಕ್ಕಳ ಹಾಕಿ ತಿರುವುವ ಬದಲು ಮೌತ್‌ಪೀಸ್ ಪುಲ್ಲರ್ ಇರುವ ರಿಪೇರಿಯವರ ಹತ್ತಿರ ಒಯ್ಯಿರಿ. ಇಕ್ಕಳದ ಹಿಡಿತಕ್ಕೆ ಲೀಡ್‌ಪೈಪಿನ (ಮೌತ್‌ಪೀಸ್‌ನಿಂದ ಶುರುವಾಗುವ ಮೊದಲ ಕೊಳವೆ) ಬೆಸುಗೆಯೇ ಬಿಟ್ಟುಕೊಳ್ಳುತ್ತದೆ.